ನಿಲ್ಲಲು ಕಲಿತ ಮಗ್ಗ



ಯಾಂತ್ರೀಕರಣ ಬೇರೆ, ಕೃತಕ ಬುದ್ಧಿಮತ್ತೆ ಬೇರೆ. ಮೊದಲನೆಯದು ಹೇಳಿದ್ದನ್ನು ಹೇಳಿದಂತೆ ಮಾಡುತ್ತದೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ಯೂನಿಮೇಟ್ ಎಂಬ ರೋಬೋ, ಅಚ್ಚಿನಿಂದ ಕಾದ ಲೋಹದ ಭಾಗಗಳನ್ನು ತೆಗೆದಿಡುತ್ತಿತ್ತು. ಭಾಗ ಸರಿಯಿದೆಯೋ ಇಲ್ಲವೋ ಎಂಬುದು ಅದರ ಗೊಡವೆಯಾಗಿರಲಿಲ್ಲ. ಎರಡನೆಯದು ಹಳೆಯ ಉದಾಹರಣೆಗಳನ್ನು ನೋಡಿ ಹೊಸದರ ಬಗ್ಗೆ ಅಂದಾಜು ಕಟ್ಟುತ್ತದೆ. ಅದು ಬರೀ ಅಂದಾಜು ಎಂಬ ಮಾತು ಮಾರಲು ಬಂದವರ ಬಾಯಿಂದ ಬರುವುದು ಅಪರೂಪ.

ಯಂತ್ರಕ್ಕೂ ಚೂರು ವಿವೇಚನೆ ಬೇಕೆಂಬ ವಿಚಾರ ಕಂಪ್ಯೂಟರಿಗಿಂತ ಹಳೆಯದು. ಮಗ್ಗದಲ್ಲಿ ಹಾಸಿನ ಒಂದು ಎಳೆ ಹರಿದು, ಯಾರೂ ಗಮನಿಸದಿದ್ದರೆ, ಗಜಗಟ್ಟಲೆ ಬಟ್ಟೆ ಕೆಟ್ಟುಹೋಗುತ್ತದೆ. ಹಾಗಾಗಿ ಮಗ್ಗದ ಪಕ್ಕದಲ್ಲಿ ಕಣ್ಣಿಟ್ಟು ನಿಲ್ಲಲು ಆಳು ಬೇಕಿತ್ತು. ಜಪಾನಿನ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಎಳೆ ಹರಿದ ಕೂಡಲೇ ತಾನಾಗಿ ನಿಂತುಬಿಡುತ್ತಿತ್ತು. ಒಬ್ಬ ಕೆಲಸಗಾರ್ತಿ ಹತ್ತಾರು ಮಗ್ಗ ನೋಡಿಕೊಳ್ಳುವುದು ಸಾಧ್ಯವಾಯಿತು. ಬಟ್ಟೆ ಯಂತ್ರಗಳ ತವರಾದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯೇ 1929ರಲ್ಲಿ ಒಂದು ಲಕ್ಷ ಪೌಂಡಿಗೆ ಅದರ ಪೇಟೆಂಟ್ ಹಕ್ಕು ಪಡೆಯಿತು. ತಪ್ಪಾದ ಕೂಡಲೇ ತಾನಾಗಿ ನಿಲ್ಲುವ ಈ ತತ್ವವನ್ನು ಸಕಿಚಿಯ ಮನೆತನದ ಕಾರು ಕಂಪನಿಯಾದ ಟೊಯೋಟಾದವರು ಜಿಡೋಕಾ ಎನ್ನುತ್ತಾರೆ. ಜಪಾನಿಯಲ್ಲಿ ಯಾಂತ್ರೀಕರಣಕ್ಕೂ ಉಚ್ಚಾರ ಅದೇ. ಬರೆಯುವಾಗ ಮಾತ್ರ ಚಲನೆಯನ್ನು ಸೂಚಿಸುವ ಅಕ್ಷರಕ್ಕೆ ಟೊಯೋಟಾದವರು ‘ಮನುಷ್ಯ’ ಎಂಬ ಗುರುತನ್ನು ಸೇರಿಸುತ್ತಾರೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ನಡೆಯುವುದೂ ಇದೇ ಪದ್ಧತಿಯಲ್ಲಿ.

ಇದಕ್ಕೆ ತದ್ವಿರುದ್ಧವಾದದ್ದು ಟೆಸ್ಲಾ ಕಂಪನಿಯ ಕಥೆ. ಮಾಡೆಲ್ 3 ಕಾರನ್ನು ವಾರಕ್ಕೆ 5000ದಂತೆ ತಯಾರಿಸುವ ಆತುರದಲ್ಲಿ ಅಲ್ಲಿ ಸಿಕ್ಕಿದ್ದಕ್ಕೆಲ್ಲ ರೋಬೋ ಕೂರಿಸಿದರು. ಬ್ಯಾಟರಿ ಪ್ಯಾಕಿನ ಮೇಲೆ ಗಾಜಿನ ನಾರಿನ ಹಾಸು ಇಡಲಿಕ್ಕೂ ಒಂದಿತ್ತು. ಮೆತ್ತನೆಯ ಹಾಸನ್ನು ಎತ್ತಲು ಅದು ಪದೇ ಪದೇ ತಡವರಿಸಿ ಲೈನನ್ನೇ ತಡೆಯುತ್ತಿತ್ತು. ಕೊನೆಗೆ, ಆ ಹಾಸು ಯಾಕೆ ಬೇಕು ಎಂದು ಕೇಳಿದಾಗ ಸದ್ದು ತಡೆಯಲಿಕ್ಕೆ ಎಂಬ ಉತ್ತರ ಬಂತು. ಹಾಸು ಇರುವ ಕಾರು, ಇಲ್ಲದ ಕಾರು ಎರಡನ್ನೂ ಓಡಿಸಿ ನೋಡಿದರು. ಸದ್ದಿನಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ. ಹಾಸೂ ಹೋಯಿತು, ರೋಬೋವೂ ಹೋಯಿತು. ಯಾಂತ್ರೀಕರಣ ಅತಿಯಾಯಿತು, ಅದು ತನ್ನದೇ ತಪ್ಪು ಎಂದು 2018ರ ಏಪ್ರಿಲ್‌ನಲ್ಲಿ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಒಪ್ಪಿಕೊಂಡರು. ಬೇಡದ ಕೆಲಸಕ್ಕೆ ಯಂತ್ರ ಇಡುವುದು ಎಲ್ಲಕ್ಕಿಂತ ದುಬಾರಿ ಯಾಂತ್ರೀಕರಣ.

ಬೆಂಗಳೂರಿನ ಪೀಣ್ಯದಂಥ ಕಡೆಯ ಸಣ್ಣ ಘಟಕಗಳಿಗೆ ಕೃತಕ ಬುದ್ಧಿಮತ್ತೆ ಬರುವುದು ಹೆಚ್ಚಾಗಿ ಕ್ಯಾಮೆರಾ ರೂಪದಲ್ಲಿ: ಜಾಬಿನ (ತಯಾರಾದ ಭಾಗದ) ಮೇಲೆ ಬಿರುಕು, ಗೀರು, ಬರ್ (ಅಂಚಿನಲ್ಲಿ ಉಳಿದ ಲೋಹದ ಚೂರು) ಇದೆಯೇ ಎಂದು ನೋಡಲು. ಇಲ್ಲಿ ಲೆಕ್ಕವನ್ನು ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ದಿನಕ್ಕೆ 10,000 ಜಾಬ್, ಅದರಲ್ಲಿ ಹತ್ತು ಕೆಟ್ಟವು ಎಂದುಕೊಂಡರೆ, ಎಲ್ಲವನ್ನೂ ‘ಸರಿ’ ಎಂದು ಕಣ್ಣುಮುಚ್ಚಿ ಬಿಡುವ ಪ್ರೋಗ್ರಾಂ ಕೂಡ ನೂರಕ್ಕೆ 99.9 ನಿಖರ! ಕೆಟ್ಟ ಹತ್ತರಲ್ಲಿ ಒಂಬತ್ತನ್ನು ಹಿಡಿದು, ಒಳ್ಳೆಯ ನೂರರಲ್ಲಿ ಒಂದನ್ನು ತಪ್ಪಾಗಿ ತಳ್ಳುವ ಪ್ರೋಗ್ರಾಂ ಆದರೆ, ರಿಜೆಕ್ಷನ್ ಪೆಟ್ಟಿಗೆಯಲ್ಲಿ ಬೀಳುವ ಸುಮಾರು 109ರಲ್ಲಿ ನಿಜಕ್ಕೂ ಕೆಟ್ಟವು ಒಂಬತ್ತೇ. ಉಳಿದ ನೂರನ್ನು ಮತ್ತೆ ನೋಡುವವರು ಮನುಷ್ಯರೇ. ಇನ್ನೊಂದು ತೊಡಕಿದೆ: ಚೆನ್ನಾಗಿ ನಡೆಯುವ ಘಟಕದಲ್ಲಿ ಕೆಟ್ಟ ಜಾಬುಗಳೇ ಕಡಿಮೆ, ಆದ್ದರಿಂದ ಯಂತ್ರಕ್ಕೆ ಕಲಿಸಲು ಬೇಕಾದ ಚಿತ್ರಗಳೂ ಕಡಿಮೆ. ಕೂಲಂಟಿನ ಹನಿ, ಬದಲಾದ ಬಲ್ಬು ಸಹ ಬಿರುಕಿನಂತೆ ಕಂಡೀತು. ಎಷ್ಟೋ ಸಲ ಪ್ರೋಗ್ರಾಂ ಬದಲಿಸುವುದಕ್ಕಿಂತ ಬೆಳಕು ಸರಿಪಡಿಸಿದರೆ ಹೆಚ್ಚು ಲಾಭ.

ಸ್ಪಿಂಡಲಿನ ಬೇರಿಂಗ್ ಕೆಡುವುದನ್ನು ಕಂಪನದಿಂದ ಮುಂಚೆಯೇ ಊಹಿಸುವ ಸೆನ್ಸರುಗಳ ಮಾತೂ ಹೀಗೆಯೇ. ಯಾವ ಮೆಷೀನು ಯಾವಾಗ, ಯಾಕೆ ನಿಂತಿತು ಎಂಬ ಲಾಗ್ ಪುಸ್ತಕ ನೆಟ್ಟಗಿಲ್ಲದ ಕಡೆ ಸೆನ್ಸರ್ ಕಲಿಯುವುದಾದರೂ ಏನನ್ನು? ಸದ್ದು ಕೇಳಿಯೇ ಬೇರಿಂಗ್ ಹೋಗುತ್ತಿದೆ ಎನ್ನುವ ಹಳೆಯ ಆಪರೇಟರ್ ನಿವೃತ್ತನಾಗುವ ಮುನ್ನ ಆತನ ತಿಳಿವನ್ನು ಬರೆದಿಟ್ಟುಕೊಳ್ಳುವುದು ಸೆನ್ಸರ್ ಕೊಳ್ಳುವುದಕ್ಕಿಂತ ಮೊದಲ ಕೆಲಸ.

ಕೆಲಸ ಹೋಗುವ ಭಯ ಸುಳ್ಳಲ್ಲ. ಮಗ್ಗ ತಾನಾಗಿ ನಿಂತಾಗ ಕಾವಲು ನಿಲ್ಲುವ ಆಳುಗಳು ಬೇಡವಾದರು. ಹಾಗಾಗಿ ಕ್ಯಾಮೆರಾ ಬರುವ ಸುದ್ದಿ ತಪಾಸಣೆಯ ಮೇಜಿನಲ್ಲಿ ಕೂತವರಿಗೆ ನೋಟಿಸ್ ಬೋರ್ಡಿನಿಂದ ತಿಳಿಯಬಾರದು. ಯಾವುದು ಬಿರುಕು, ಯಾವುದು ಗೀರು ಎಂದು ಯಂತ್ರಕ್ಕೆ ಕಲಿಸಬೇಕಾದವರೇ ಅವರು.

ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ (ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ) ಎಂಬಲ್ಲಿ ಸ್ಮಾರ್ಟ್ ತಯಾರಿಕೆಯ ಪ್ರಾತ್ಯಕ್ಷಿಕೆ ಕೇಂದ್ರವಿದೆ. ಕೊಳ್ಳುವ ಮೊದಲು ಒಮ್ಮೆ ಹೋಗಿ ನೋಡಿ ಬರಬಹುದು. ಅದಕ್ಕೂ ಮೊದಲು, ಕಾರ್ಖಾನೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆರು ತಿಂಗಳು ಶಾಪ್ ಫ್ಲೋರಿನಲ್ಲೇ ಕಳೆಯಬೇಕು, ನೈಟ್ ಶಿಫ್ಟೂ ಸೇರಿ.