ಜೋಳವಾಳಿ ಮತ್ತು ನಾಯಕತ್ವ: ಸೈನಿಕನ ಕಾರ್ಯದಕ್ಷತೆಯ ಎರಡು ಮೂಲಗಳು

ಸೈನಿಕನೊಬ್ಬನು ಪ್ರಾಣಭಯವನ್ನು ಮೀರಿ ಕರ್ತವ್ಯದಲ್ಲಿ ನಿಲ್ಲುವುದು ಯಾವ ಬಲದಿಂದ? ವೇತನದಿಂದಲೋ, ಶಿಕ್ಷೆಯ ಅಂಜಿಕೆಯಿಂದಲೋ, ತನ್ನನ್ನು ಮುನ್ನಡೆಸುವವನ ಮೇಲಿನ ವಿಶ್ವಾಸದಿಂದಲೋ? ಆಡಳಿತಶಾಸ್ತ್ರವು ಇಂದು ವಿಚಾರಿಸುತ್ತಿರುವ ಈ ಪ್ರಶ್ನೆ ಹಳಗನ್ನಡದ ಕವಿಗಳಿಗೂ ಶಾಸನಕಾರರಿಗೂ ಅಪರಿಚಿತವಾಗಿರಲಿಲ್ಲ.

ಜೇಮ್ಸ್ ಮೆಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ನಾಯಕತ್ವದ ಎರಡು ಶೈಲಿಗಳನ್ನು ವಿಂಗಡಿಸಿದರು. ಬರ್ನಾರ್ಡ್ ಬಾಸ್ 1985ರಲ್ಲಿ ಆ ವಿಚಾರವನ್ನು ವಿಸ್ತರಿಸಿದರು. ಕೆಲಸಕ್ಕೆ ತಕ್ಕ ಪ್ರತಿಫಲವನ್ನು ನೀಡಿ ನಡೆಸುವುದು ವಿನಿಮಯ ನಾಯಕತ್ವ. ಧ್ಯೇಯವನ್ನು ತೋರಿ, ತಾನೇ ಮಾದರಿಯಾಗಿ, ಅನುಯಾಯಿಗಳ ಮನಸ್ಸನ್ನೇ ಎತ್ತರಿಸುವುದು ಪರಿವರ್ತನಾ ನಾಯಕತ್ವ. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಯ ದಾಳಿಯಲ್ಲಿ ಕೊಡಗಿನ ಜನರಲ್ ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲಿಯೇ ಸಾಗಿದುದು ಎರಡನೆಯದಕ್ಕೆ ನಿದರ್ಶನ.

ನಿಷ್ಠೆಯನ್ನು ಮೇಯರ್ ಮತ್ತು ಆಲೆನ್ 1991ರಲ್ಲಿ ಮೂರು ಬಗೆಯಾಗಿ ವಿವರಿಸಿದರು: ಮಮತೆಯಿಂದ ಹುಟ್ಟಿದುದು, ಕರ್ತವ್ಯಭಾವದಿಂದ ಹುಟ್ಟಿದುದು, ಬಿಟ್ಟುಹೋದರೆ ಆಗುವ ನಷ್ಟದ ಎಣಿಕೆಯಿಂದ ಹುಟ್ಟಿದುದು. ಇವುಗಳಲ್ಲಿ ಎರಡನೆಯದಕ್ಕೆ ಬಹು ಸಮೀಪವಾದ ಮಾತು ಕನ್ನಡದ ‘ಜೋಳವಾಳಿ’, ಅಂದರೆ ಒಡೆಯನ ಅನ್ನವನ್ನುಂಡ ಋಣವನ್ನು ತೀರಿಸುವ ಧರ್ಮ.

ಮಂಡ್ಯ ಜಿಲ್ಲೆಯ ಆತಕೂರು ಶಾಸನವನ್ನು ಈ ದೃಷ್ಟಿಯಿಂದ ಓದಬಹುದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಕೃಷ್ಣನು ಅವನಿಗೆ ಬನವಾಸಿ 12000 ಮೊದಲಾದ ನಾಡುಗಳನ್ನಿತ್ತನು. ಬೂತುಗನು ತನ್ನ ವೀರ ಮಣಲೇರನಿಗೆ ಮೆಚ್ಚಿ ಬೇಡೆನಲು, ಅವನು ಬೇಡಿದುದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಡನೆ ಹೋರಾಡಿ ಮಡಿದಾಗ ಅದಕ್ಕೂ ಕಲ್ಲು ನಿಂತಿತು. ಇಲ್ಲಿ ಪ್ರತಿಫಲವಿದೆ, ಆದರೆ ಒಡೆಯನಿಗೆ ಪ್ರಿಯವಾದುದರಲ್ಲಿ ಪಾಲು ಪಡೆಯುವ ಆತ್ಮೀಯತೆ ಅದಕ್ಕಿಂತ ದೊಡ್ಡದಾಗಿದೆ.

ಆಧುನಿಕ ಸಂಶೋಧನೆಯೂ ಇದಕ್ಕೆ ದೂರವಿಲ್ಲ. ಬಾಸ್ ಮತ್ತು ಸಂಗಡಿಗರು ಅಮೆರಿಕದ ಸೇನೆಯ 72 ಪ್ಲಟೂನುಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎರಡೂ ಶೈಲಿಗಳು ಅಣಕುಯುದ್ಧದ ಸಾಧನೆಗೆ ಪೂರಕವೆಂದು ಕಂಡುಬಂದಿತು. ತಂಡದ ಒಗ್ಗಟ್ಟು ಮತ್ತು ಆತ್ಮವಿಶ್ವಾಸಗಳ ಮೂಲಕವೂ ನಾಯಕತ್ವದ ಪ್ರಭಾವ ಸಾಧನೆಯನ್ನು ಮುಟ್ಟುತ್ತಿತ್ತು.

ಆದರೆ ನಿಷ್ಠೆಯೊಂದೇ ಸಾಲದು. ಇಂದಿನ ತೆಲಂಗಾಣದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ಕವಿಯೂ ಹೌದು, ಕಲಿಯೂ ಹೌದು. ಅವನ ಕರ್ಣನಿಗೆ ದುರ್ಯೋಧನನಲ್ಲಿ ಮಮತೆಯೂ ಋಣವೂ ತುಂಬಿದ್ದವು. ಜನ್ಮರಹಸ್ಯ ತಿಳಿದ ಮೇಲೂ ಅವು ಕದಲಲಿಲ್ಲ. ಆದರೂ ಭೀಷ್ಮನ ಸೇನಾಧಿಪತ್ಯದ ಕುರಿತು ಎದ್ದ ಕಲಹದಿಂದ, ಭೀಷ್ಮನು ಬೀಳುವವರೆಗೆ ಆಯುಧ ಹಿಡಿಯೆನೆಂದು ಅವನು ದೂರ ನಿಂತನು. ನಿಷ್ಠೆ ಪೂರ್ಣವಾಗಿತ್ತು, ಕಾರ್ಯ ಶೂನ್ಯವಾಗಿತ್ತು. ಇವೆರಡನ್ನು ಬೆಸೆಯಬೇಕಾದ ನಾಯಕತ್ವ ಅಲ್ಲಿ ಸೋತಿತ್ತು. ನಿಷ್ಠೆಯನ್ನು ಪಡೆಯುವುದು ಒಂದು ಗುಣ. ಅದನ್ನು ವ್ಯರ್ಥವಾಗದಂತೆ, ಯುಕ್ತ ಗುರಿಯತ್ತ ನಡೆಸುವುದು ಇನ್ನೂ ದೊಡ್ಡ ಹೊಣೆ.

ಅಭ್ಯಾಸಕ್ಕೆ: 1. ಮಣಲೇರನ ಬೇಡಿಕೆಯಲ್ಲಿ ಯಾವ ಬಗೆಯ ನಿಷ್ಠೆ ಕಾಣುತ್ತದೆ? 2. ಜೋಳವಾಳಿಗೂ ಇಂದಿನ ವೇತನಸಂಬಂಧಕ್ಕೂ ಇರುವ ವ್ಯತ್ಯಾಸವನ್ನು ಚರ್ಚಿಸಿರಿ.