ಕೆಂಪು ಮದ್ದಿನ ಲೆಕ್ಕ

ಚಿಕ್ಕಂದಿನಲ್ಲಿ ರಕ್ತದ ಕ್ಯಾನ್ಸರಿಗೆ ನನಗೆ ಕೊಟ್ಟ ಮದ್ದುಗಳಲ್ಲಿ ಒಂದು ಕೆಂಪಗಿತ್ತು. ಅದನ್ನು ಏರಿಸಿದ ದಿನ ಮೂತ್ರವೂ ಕೆಂಪಾಗುತ್ತಿತ್ತು. ಅಮ್ಮ ಗಾಬರಿಯಾಗದಿರಲೆಂದು ನರ್ಸ್ ಮೊದಲೇ ಹೇಳಿಡುತ್ತಿದ್ದರು. ಡೌನೋರುಬಿಸಿನ್, ಡಾಕ್ಸೋರುಬಿಸಿನ್‌ನಂಥ ಈ ಮದ್ದುಗಳು ಎಷ್ಟೋ ಮಕ್ಕಳನ್ನು ಉಳಿಸಿವೆ. ಅವೇ ಹೃದಯದ ಸ್ನಾಯುವಿಗೂ ಪೆಟ್ಟು ಕೊಡಬಲ್ಲವು. ಆ ಪೆಟ್ಟು ಹೊರಬೀಳಲು ಕೆಲವರಲ್ಲಿ ಹತ್ತಿಪ್ಪತ್ತು ವರ್ಷವೇ ಹಿಡಿಯುತ್ತದೆ.

ನನಗೆ ಇದು ತಿಳಿದದ್ದು ಮದುವೆಯಾಗಿ, ಮಗು ಬೇಕೆಂದುಕೊಂಡಾಗ. "ಕೆಂಪು ಮದ್ದು ಒಟ್ಟು ಎಷ್ಟು ಹೋಗಿದೆಯಮ್ಮಾ? ಎದೆಗೆ ರೇಡಿಯೇಷನ್ ಕೊಟ್ಟಿದ್ದರಾ?" ಎಂದು ಡಾಕ್ಟರು ಕೇಳಿದರು. ಅಮ್ಮ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟಿದ್ದ ಪ್ಲಾಸ್ಟಿಕ್ ಕವರನ್ನು ತಂದುಕೊಟ್ಟರು. ಮಡಿಕೆಯಲ್ಲೇ ಹರಿದಿದ್ದ ಡಿಸ್ಚಾರ್ಜ್ ಹಾಳೆಗಳನ್ನು ಹರಡಿಕೊಂಡು ಡಾಕ್ಟರು ಒಂದೊಂದೇ ಡೋಸನ್ನು ಕೂಡಿಸಿದರು. ಡಾಕ್ಸೋರುಬಿಸಿನ್ ಲೆಕ್ಕದಲ್ಲಿ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 250 ಮಿಲಿಗ್ರಾಂ ಮುಟ್ಟಿದವರನ್ನು ಹೆಚ್ಚಿನ ಅಪಾಯದವರೆಂದು ಎಣಿಸುತ್ತಾರೆ. ಅವರಿಗೆ ಎರಡು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್. 100 ದಾಟಿ 250ರೊಳಗಿರುವ ನನ್ನಂಥವರಿಗೆ ಐದು ವರ್ಷಕ್ಕೊಮ್ಮೆ. ಬಸುರಿಯಾಗುವ ಮುಂಚೆ ಒಂದು ಆಗಲೇಬೇಕು, ಏಕೆಂದರೆ ಬಸಿರಿನಲ್ಲಿ ಹೃದಯದ ಕೆಲಸ ಹೆಚ್ಚುತ್ತದೆ. ನನ್ನ ವರದಿ ಚೆನ್ನಾಗಿ ಬಂತು, ಮಗಳೂ ಹುಟ್ಟಿದಳು.

"ಸುಸ್ತಿಲ್ಲ, ಏದುಸಿರಿಲ್ಲ, ಮತ್ತೆ ಪರೀಕ್ಷೆ ಯಾಕೆ?" ಎಂದು ಚಿಕ್ಕಮ್ಮ ಈಗಲೂ ಕೇಳುತ್ತಾರೆ. ಸುಸ್ತು ಕಾಣಿಸುವ ಮೊದಲೇ ಹೃದಯದ ಬಲ ಕುಗ್ಗಿರಬಹುದು, ಅದನ್ನು ಎಕೋ ತೋರಿಸುತ್ತದೆ. ಆಗಲೇ ಗೊತ್ತಾದರೆ ಮಾತ್ರೆ ಶುರುಮಾಡಬಹುದು. ಬಿಪಿ, ಸಕ್ಕರೆ, ಕೊಲೆಸ್ಟರಾಲನ್ನೂ ನಾವು ಬೇರೆಯವರಿಗಿಂತ ಬಿಗಿಯಾಗಿ ಹಿಡಿದಿಡಬೇಕು. ಅದರಲ್ಲೂ ಬಿಪಿ, ಮೊದಲೇ ಪೆಟ್ಟು ತಿಂದ ಹೃದಯದ ಅಪಾಯವನ್ನು ಹಲವು ಪಟ್ಟು ಏರಿಸುತ್ತದೆ.

ನನಗೆ ಹೆಚ್ಚು ನೋವು ಕೊಡುವ ಸಂಗತಿ ಬೇರೆ. ಹೆಣ್ಣುಮಕ್ಕಳ ಸಂಬಂಧ ಕೆಟ್ಟೀತೆಂದು ನಮ್ಮಲ್ಲಿ ಆಸ್ಪತ್ರೆಯ ಕಾಗದಗಳನ್ನೇ ಇಲ್ಲವಾಗಿಸುತ್ತಾರೆ. ಕಾಯಿಲೆಯ ಹೆಸರು ಬೀಗರಿಂದ ಮರೆಯಾಗುತ್ತದೆ, ನಿಜ. ಜೊತೆಗೆ ಅವಳ ಹೃದಯದ ಲೆಕ್ಕವೂ ಹೋಗುತ್ತದೆ. ಹೆರಿಗೆ ಮಾಡಿಸುವ ಡಾಕ್ಟರಿಗೆ ಏನೂ ತಿಳಿಯದೆ ಹೋಗುವುದು ಇಂಥ ಮನೆಗಳಲ್ಲೇ.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳನ್ನು ಮುಂದೆಯೂ ನೋಡಿಕೊಳ್ಳುವ ಕ್ಲಿನಿಕ್ 1991ರಿಂದ ಇದೆ. ಅಂಥದ್ದು ಹತ್ತಿರವಿಲ್ಲದ ಊರುಗಳಲ್ಲಿ ಆ ಜವಾಬ್ದಾರಿ ಮನೆಯವರದೇ. ತಂದೆತಾಯಂದಿರೇ, ಮಗುವಿನ ಚಿಕಿತ್ಸೆ ಮುಗಿದ ದಿನವೇ ಡಾಕ್ಟರಿಂದ ಒಂದು ಹಾಳೆ ಬರೆಸಿಕೊಳ್ಳಿ: ಯಾವ ಮದ್ದು, ಒಟ್ಟು ಎಷ್ಟು, ರೇಡಿಯೇಷನ್ ಎಲ್ಲಿಗೆ, ಎಷ್ಟು. ಮಗು ದೊಡ್ಡದಾದ ಮೇಲೆ ಅದನ್ನು ಅದರ ಕೈಗೇ ಕೊಡಿ.