ಇಂಟೇಕ್ ಬದಲಿಸೋ ಮುಂಚೆ ಒಂದು ನೀರಿನ ಟ್ಯೂಬ್

ಸಂಕೇಶ್ವರದ ನಮ್ಮ ಗೆಳೆಯನ ಅಣ್ಣನ ಹತ್ರ ಪೋಲೋ ಜಿಟಿ ಇದೆ, 1.2 ಟಿಎಸ್‌ಐ. ಕಂಪನಿ ಲೆಕ್ಕದಲ್ಲಿ 105 ಪಿಎಸ್. ಗಡಹಿಂಗ್ಲಜ್, ಆಜರಾ ದಾಟಿ ಅಂಬೋಲಿ ಘಾಟಿಗೆ ಹೋದಾಗೆಲ್ಲ ಅವರಿಗೆ ಇನ್ನೂ ಸ್ವಲ್ಪ ಪವರ್ ಬೇಕು ಅನ್ಸುತ್ತೆ. "ಏರ್ ಬಾಕ್ಸ್ ತೆಗೆದು ಕೋನ್ ಫಿಲ್ಟರ್ ಹಾಕಿಸ್ಲೇನು? ಇಂಜಿನಿಯರಿಂಗ್ ಓದ್ತೀರಲ್ಲೋ, ಲೆಕ್ಕ ಹಾಕಿ ಹೇಳ್ರೋ" ಅಂದ್ರು. ಸರಿ, ಕೂತ್ವಿ.

ಎಂಜಿನ್ 1197 ಸಿಸಿ, ಫೋರ್ ಸ್ಟ್ರೋಕ್. ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳ್ಕೊಳ್ಳುತ್ತೆ. 5000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3000 ಲೀಟರ್. ಟರ್ಬೊ ಒತ್ತಿ ತುಂಬೋದ್ರಿಂದ ನಿಜವಾಗಿ ಇನ್ನೂ ಜಾಸ್ತಿ. ಇಷ್ಟೆಲ್ಲ ಗಾಳಿ ಫಿಲ್ಟರ್ ಪೇಪರ್ ದಾಟುವಾಗ ಸ್ವಲ್ಪ ಒತ್ತಡ ಕಳ್ಕೊಳ್ಳುತ್ತೆ. ಎಷ್ಟು ಅನ್ನೋದೇ ಪ್ರಶ್ನೆ. ಅದನ್ನ ಅಳೆಯದೆ ಫಿಲ್ಟರ್ ಬದಲಿಸೋದು ಜ್ವರ ನೋಡದೆ ಗುಳಿಗೆ ಕೊಟ್ಟ ಹಾಗೆ.

ಅಳೆಯೋಕೆ ದೊಡ್ಡ ಲ್ಯಾಬ್ ಬೇಡ. ಪಾರದರ್ಶಕ ಪೈಪನ್ನ ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿಯನ್ನ ಫಿಲ್ಟರ್ ಆದ್ಮೇಲೆ, ಟರ್ಬೊಗಿಂತ ಮುಂಚೆ ಇರೋ ಪೈಪಿಗೆ ಜೋಡಿಸಿ. ಇನ್ನೊಂದು ತುದಿ ತೆರೆದಿರಲಿ. ಫುಲ್ ಥ್ರಾಟಲ್‌ನಲ್ಲಿ ಎರಡೂ ಕಡೆಯ ನೀರಿನ ಎತ್ತರದ ವ್ಯತ್ಯಾಸ ನೋಡಿ, 10 ಸೆಂ.ಮೀ. ಅಂದ್ರೆ ಸುಮಾರು 1 ಕಿಲೋಪ್ಯಾಸ್ಕಲ್. (ಪೈಪಿನ ಕಾಲು ಒಂದು ಮೀಟರ್ ಉದ್ದ ಇರಲಿ, ನೀರು ಎಂಜಿನ್ ಒಳಗೆ ಹೋಗಬಾರದು. ಇದನ್ನ ಡೈನೋ ಮೇಲೆ ಮಾಡಿ, ಹೈವೇ ಮೇಲೆ ಅಲ್ಲ.)

20 ಸೆಂ.ಮೀ. ಬಂತು ಅಂತ ಇಟ್ಕೊಳ್ಳೋಣ. ಅಂದ್ರೆ 2 ಕಿಲೋಪ್ಯಾಸ್ಕಲ್. ಸಂಕೇಶ್ವರ 600 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 94. ಹಾಗಾದ್ರೆ ನಷ್ಟ ಶೇ. 2ರಷ್ಟು, 105ರಲ್ಲಿ ಎರಡು ಪಿಎಸ್ ಚಿಲ್ಲರೆ. ಅದೂ ಹೊಸ ಫಿಲ್ಟರ್ ಒಂಚೂರೂ ತಡೆ ಕೊಡದಿದ್ರೆ ಮಾತ್ರ, ಅಂಥ ಫಿಲ್ಟರ್ ಎಲ್ಲೂ ಇಲ್ಲ. ಟರ್ಬೊ ಗಾಡಿಯಲ್ಲಂತೂ ಇಸಿಯು ಬೂಸ್ಟ್ ಗುರಿ ಮುಟ್ಟಿಸೋಕೆ ಟರ್ಬೊನೇ ಸ್ವಲ್ಪ ಜಾಸ್ತಿ ತಿರುಗಿಸಿ ಆ ಕೊರತೆ ತುಂಬುತ್ತೆ. ಸೀಟಲ್ಲಿ ಕೂತವರಿಗೆ ಏನೂ ಗೊತ್ತಾಗಲ್ಲ.

ಇನ್ನು ಶಾಖದ ಕಡೆ ನೋಡ್ರಿ. ಕಂಪನಿ ಡಬ್ಬಿ ಹೊರಗಿನ ಗಾಳಿ ತರುತ್ತೆ. ಶೀಲ್ಡ್ ಇಲ್ಲದ ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿಗಾಳಿ ಕುಡಿಯುತ್ತೆ. 35 ಡಿಗ್ರಿ ಬದಲು 45 ಡಿಗ್ರಿ ಗಾಳಿ ಅಂದ್ರೆ ಕೆಲ್ವಿನ್‌ನಲ್ಲಿ 308ರ ಬದಲು 318, ಸಾಂದ್ರತೆ ಶೇ. 3 ಕಮ್ಮಿ. ಇಂಟರ್‌ಕೂಲರ್ ಇದರಲ್ಲಿ ಒಂದಷ್ಟು ವಾಪಸ್ ಕೊಡುತ್ತೆ, ಪೂರ್ತಿ ಅಲ್ಲ. ದುಡ್ಡು ಕೊಟ್ಟು ಪವರ್ ಕಳ್ಕೊಳ್ಳೋದು ಹೀಗೇ.

ಧೂಳಿನ ಮಾತು ನಮ್ಮ ಕಡೆಯವರಿಗೆ ಹೇಳಬೇಕಾ? ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಶುರುವಾದ್ರೆ ಅವುಗಳ ಹಿಂದೆ ಹೋಗೋ ಗಾಡಿ ಎಲ್ಲ ಕೆಂಪು. ಸಂದಿ ಜಾಸ್ತಿ ಇರೋ ಫಿಲ್ಟರ್ ದಾಟಿ ಬಂದ ಸಣ್ಣ ಕಣ ಸಿಲಿಂಡರ್ ಗೋಡೆ ಸವೆಸುತ್ತೆ. ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್‌ಗೆ ಎಣ್ಣೆ ಹೆಚ್ಚಾದ್ರೆ, ಗಾಳಿ ಅಳೆಯೋ ಎಂಎಎಫ್ ಸೆನ್ಸರ್ ಇರೋ ಗಾಡಿಗಳಲ್ಲಿ ಅದರ ಮೇಲೂ ಕೂರುತ್ತೆ.

ಹಾಗಂತ ಇಂಟೇಕ್ ಯಾವತ್ತೂ ಬೇಡ ಅಂತಲ್ಲ. ದೊಡ್ಡ ಟರ್ಬೊ, ಹೊಸ ಟ್ಯೂನ್ ಹಾಕಿದ್ರೆ ಗಾಳಿ ಜಾಸ್ತಿ ಬೇಕು, ಗಾಳಿ ದುಪ್ಪಟ್ಟಾದ್ರೆ ಒತ್ತಡದ ನಷ್ಟ ದುಪ್ಪಟ್ಟಿಗಿಂತಲೂ ಹೆಚ್ಚು. ಆಗ ಕಂಪನಿ ಡಬ್ಬಿ ನಿಜವಾಗಿ ಅಡ್ಡ ಬರಬಹುದು.

ಅಣ್ಣನಿಗೆ ಸದ್ಯಕ್ಕೆ ಹೇಳಿದ್ದು, ಕಂಪನಿಯ ಹೊಸ ಪೇಪರ್ ಫಿಲ್ಟರ್ ಹಾಕಿಸಿ ಅಂತ. ಅವರು ನಕ್ಕು, "ಆದ್ರ ಆ ಹುಸ್ ಅನ್ನೋ ಸೌಂಡ್ ಬರೂದಿಲ್ಲಲ್ಲೋ" ಅಂದ್ರು. ಅದು ಬೇರೆ ಲೆಕ್ಕ, ಸೌಂಡಿಗೆ ಅಂತಲೇ ತಗೊಂಡ್ರೆ ನಮ್ಮ ತಕರಾರಿಲ್ಲ. ಹಳೇ ಫಿಲ್ಟರ್ ಎಸೀಬೇಡಿ ಅಂದಿದ್ದೀವಿ. ದೀಪಾವಳಿ ರಜೆಯಲ್ಲಿ ಹಳೇದು, ಹೊಸದು ಎರಡನ್ನೂ ಹಾಕಿ ಟ್ಯೂಬಿನಲ್ಲಿ ಅಳೀತೀವಿ.